ಘಟ್ಟ ಹತ್ತಿ ಬಂದ ಪಾದ್ರಿಗಳು

ಪೋಲೆಂಡಿನ ಬಡ ರೈತರ ಬೆನ್ನಿಗೆ ಅಮೆರಿಕಕ್ಕೆ ಹೋದ ಪಾದ್ರಿಗಳ ಬಗ್ಗೆ ಅಲ್ಲಿ ಗ್ರಂಥಗಳೇ ಇವೆ. ಗೋವಾದಿಂದ ಕನ್ನಡ ಜಿಲ್ಲೆಗಳಿಗೆ ಬಂದ ಪಾದ್ರಿಗಳನ್ನು ನಾವು ಬಹುತೇಕ ಮರೆತಿದ್ದೇವೆ. ಈ ಎರಡು ಕಥೆಗಳು 1890ರ ದಶಕದಲ್ಲಿ ಒಂದಕ್ಕೊಂದು ಗಂಟು ಹಾಕಿಕೊಂಡಿದ್ದವು ಎಂಬುದಂತೂ ಇನ್ನೂ ಕಡಿಮೆ ಜನಕ್ಕೆ ಗೊತ್ತು.

ಲೋಂಡಾ ಬಿಟ್ಟ ರೈಲು ತಿನೈಘಾಟ್ ದಾಟಿ ಕ್ಯಾಸಲ್ ರಾಕ್‌ಗೆ ಬರುವಷ್ಟರಲ್ಲಿ ಜೊಯಿಡಾ ತಾಲ್ಲೂಕಿನ ಕಾಡು ಎರಡೂ ಬದಿಯಿಂದ ಒತ್ತಿಕೊಂಡಿರುತ್ತದೆ. ಇಲ್ಲಿಂದ ಮುಂದೆ ಬ್ರಗಾಂಜಾ ಘಾಟಿನ ಇಳಿಜಾರು, ದೂಧಸಾಗರ, ಕುಳೆ, ಆಮೇಲೆ ಗೋವಾ. ಮುರಗಾಂವ್ ಬಂದರಿನಿಂದ ಹೊರಟ ಪೋರ್ಚುಗೀಸ್ ಸೀಮೆಯ ಹಳಿಯೂ ಬ್ರಿಟಿಷ್ ಸೀಮೆಯ ಸದರ್ನ್ ಮರಾಠಾ ರೈಲ್ವೆಯ ಹಳಿಯೂ 1888ರಲ್ಲಿ ಕೈ ಕೂಡಿಸಿದ್ದು ಈ ನಿಲ್ದಾಣದಲ್ಲಿ. ಇಂದು ಚಾರಣಿಗರು ಬೆನ್ನಚೀಲ ಹೊತ್ತು ಇಳಿಯುವ ಈ ಊರು ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ನಡುವಿನ ಗೇಟು. ಸುಂಕದ ಕಟ್ಟೆಯವರು ಟ್ರಂಕು ಬಿಚ್ಚಿಸಿ ನೋಡಿದ ಮೇಲೆಯೇ ಪ್ರಯಾಣ ಮುಂದುವರಿಯುತ್ತಿತ್ತು.

ಆ ಗೇಟಿನಿಂದ ಮೇಲಕ್ಕೆ ಬಂದವರು ಯಾರು? ಬೇಕರಿಯವರು, ಬಟ್ಲರುಗಳು, ದರ್ಜಿಗಳು, ಬ್ಯಾಂಡಿನವರು, ರೈಲ್ವೆಯ ಕೆಲಸಗಾರರು. ಹೆಚ್ಚಿನವರು ಬೆಳಗಾವಿ, ಹುಬ್ಬಳ್ಳಿ, ಪುಣೆ, ಮುಂಬಯಿಗೆ ಹೋದರು. ಕೆಲವರು ಘಟ್ಟದ ಮೇಲಿನ ಈ ಕಾಡಿನ ಅಂಚಿನಲ್ಲೇ ಉಳಿದರು. ರೈಲು ಬರುವುದಕ್ಕೆ ಶತಮಾನಗಳ ಮೊದಲೇ ಅನಮೋಡ, ತಿನೈ ಘಾಟುಗಳ ಕಾಲುದಾರಿಯಲ್ಲಿ ಬಂದವರೂ ಇದ್ದರು. ಬಂದವರ ಹಿಂದೆ, ಕೆಲವೊಮ್ಮೆ ವರ್ಷಗಳ ನಂತರ, ನಿಲುವಂಗಿಯ ಪಾದ್ರಿ ಬರುತ್ತಿದ್ದರು. ಈ ಲೇಖನ ಆ ಪಾದ್ರಿಯನ್ನು ಕುರಿತದ್ದು. ಅವರನ್ನು ಯಾರು ಕಳಿಸಿದರು, ಜನ ಅವರಿಗಾಗಿ ಯಾಕೆ ಕಾದರು, ಅವರು ನಮ್ಮವರೇ ಆಗಿರಬೇಕು ಎಂದು ಯಾಕೆ ಹಟ ಹಿಡಿದರು?

ಕುಮ್ಸಾರ್ ಯಾವ ಭಾಷೆಯಲ್ಲಿ?

ಎರಡನೆಯ ವ್ಯಾಟಿಕನ್ ಸಮ್ಮೇಳನ ನಡೆದದ್ದು 1962ರಿಂದ 1965ರವರೆಗೆ. ಅದಕ್ಕೆ ಮೊದಲು ಬಲಿಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು, ಕ್ರಾಕೊವಿನಲ್ಲೂ ಕಾರವಾರದಲ್ಲೂ ಒಂದೇ ರೀತಿ. ಪೂಜೆಗಷ್ಟೇ ಆದರೆ ಯಾವ ದೇಶದ ಪಾದ್ರಿಯಾದರೂ ಸಾಲುತ್ತಿತ್ತು. ಜನರಿಗೆ ಅರ್ಥವಾಗಬೇಕಿದ್ದದ್ದು ಪ್ರವಚನ. ಜನ ಪಾದ್ರಿಗೆ ಅರ್ಥವಾಗಬೇಕಿದ್ದದ್ದು ಕುಮ್ಸಾರಿನಲ್ಲಿ, ಅಂದರೆ ಪಾಪನಿವೇದನೆಯಲ್ಲಿ. ಮೊಣಕಾಲೂರಿ, ಜಾಲರಿಯ ಆಚೆ ಕೂತವರ ಕಿವಿಯಲ್ಲಿ ತನ್ನ ಕಳ್ಳತನ, ಜಗಳ, ಜಾರತನ ಹೇಳಿಕೊಳ್ಳುವಾಗ ದುಭಾಷಿಯನ್ನು ಕೂರಿಸಿಕೊಳ್ಳಲಾದೀತೆ? ಸಾವಿನ ಹಾಸಿಗೆಯಲ್ಲಿ ಕಡೆಯ ಮಾತು ಹೇಳುವವನಿಗಂತೂ ಪರಭಾಷೆ ನೆನಪಿಗೇ ಬರುವುದಿಲ್ಲ. ವಲಸೆ ಹೋದ ಕಥೋಲಿಕರು ಎಲ್ಲೇ ನೆಲೆಸಲಿ, ತಮ್ಮ ಭಾಷೆಯ ಪಾದ್ರಿ ಬೇಕೆಂದು ಬಿಷಪರ ಬಾಗಿಲು ಬಡಿದದ್ದರ ಹಿಂದೆ ಅಭಿಮಾನಕ್ಕಿಂತ ಹೆಚ್ಚಾಗಿ ಈ ಗರಜು ಇತ್ತು ಎಂದು ನನಗೆ ಅನಿಸುತ್ತದೆ. ಅಭಿಮಾನ ಆಮೇಲೆ ಬಂದು ಸೇರಿಕೊಂಡಿತು.

ಅಮೆರಿಕದ ಪೋಲಿಷ್ ಜನರ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಲಿಯೋಪೋಲ್ಡ್ ಮೊಚಿಗೆಂಬಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಹುಟ್ಟಿದ್ದು 1824ರಲ್ಲಿ, ಪ್ರಷ್ಯಾದ ಆಳ್ವಿಕೆಯಲ್ಲಿದ್ದ ಮೇಲಿನ ಸಿಲೇಸಿಯಾದಲ್ಲಿ. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ, ಮೂರು ಸಾಮ್ರಾಜ್ಯಗಳು ಅದನ್ನು ಹರಿದು ಹಂಚಿಕೊಂಡಿದ್ದವು. 1852ರಲ್ಲಿ ಟೆಕ್ಸಸ್‌ಗೆ ಹೋದ ಮೊಚಿಗೆಂಬಾಗೆ ಮೊದಲು ಸಿಕ್ಕಿದ್ದು ಜರ್ಮನ್ ವಲಸಿಗರ ಸೇವೆ. ಅಲ್ಲಿಂದ ಅವರು ಊರಿಗೆ ಕಾಗದ ಬರೆದರು: ಇಲ್ಲಿ ಭೂಮಿ ಇದೆ, ಬನ್ನಿ. ಅವರ ಸ್ವಂತ ತಮ್ಮಂದಿರೂ ಸೇರಿ ಸುಮಾರು ನೂರು ಕುಟುಂಬಗಳು 1854ರಲ್ಲಿ ಹಡಗು ಹತ್ತಿದವು. ಅದೇ ವರ್ಷದ ಡಿಸೆಂಬರ್ 24ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಂದು ಓಕ್ ಮರದಡಿ ಮೊಚಿಗೆಂಬಾ ಈ ಜನಕ್ಕಾಗಿ ಪೂಜೆ ಅರ್ಪಿಸಿದರು. ಪನ್ನಾ ಮಾರಿಯಾ ಎಂದು ಹೆಸರಿಟ್ಟುಕೊಂಡ ಆ ಹಳ್ಳಿ ಅಮೆರಿಕದ ಮೊದಲ ಪೋಲಿಷ್ ನೆಲೆ.

ಇಲ್ಲಿಗೆ ನಿಲ್ಲಿಸಿದರೆ ಇದು ಶಾಲಾ ಪಠ್ಯದ ಪಾಠವಾಗುತ್ತದೆ. ಮುಂದಿನದು ಹೀಗಿದೆ. ಬಂದ ಜನಕ್ಕೆ ಸಿಕ್ಕಿದ್ದು ಹುಲ್ಲು, ಹಾವು, ದುಬಾರಿ ಬೆಲೆಯ ಭೂಮಿ, ಆಮೇಲೆ ಬರಗಾಲ. ಕರೆದವರ ಮೇಲೆ ಸಿಟ್ಟು ತಿರುಗಿತು. ಜೀವಬೆದರಿಕೆಯೂ ಬಂತೆಂಬ ಮಾತು ಟೆಕ್ಸಸ್‌ನ ಪೋಲಿಷ್ ಮನೆಗಳಲ್ಲಿ ಉಳಿದುಕೊಂಡಿದೆ. ಎರಡೇ ವರ್ಷದಲ್ಲಿ ಮೊಚಿಗೆಂಬಾ ಆ ಊರು ಬಿಟ್ಟರು. 1891ರಲ್ಲಿ ದೂರದ ಮಿಷಿಗನ್‌ನಲ್ಲಿ ತೀರಿಕೊಂಡರು. ಅವರ ಅಸ್ಥಿಯನ್ನು ಪನ್ನಾ ಮಾರಿಯಾಕ್ಕೆ ತಂದು ಮಣ್ಣು ಮಾಡಿದ್ದು 1974ರಲ್ಲಿ. ವಲಸಿಗರ ನಡುವೆ ಪಾದ್ರಿ ಬರೀ ಪೂಜೆಯವನಲ್ಲ. ಅವನೇ ಜಮೀನಿನ ದಲ್ಲಾಳಿ, ಕಾಗದ ಬರೆಯುವವನು, ಮೇಷ್ಟ್ರು, ಕೋರ್ಟಿನಲ್ಲಿ ಸಾಕ್ಷಿ. ಬೆಳೆ ಕೈಕೊಟ್ಟರೆ ಬೈಗುಳವೂ ಅವನಿಗೇ.

ಸಾಂಕ್ವಾಳದ ಬರಿಗಾಲಿನವರು

ನಮ್ಮ ಕರಾವಳಿಯ ಮೊಚಿಗೆಂಬಾ ಇನ್ನೂ ಹಳಬರು. ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವಾದ ಬೆನಾವಲಿಯಲ್ಲಿ, ತಾಯಿಯ ಊರಿನಲ್ಲಿ, ಹುಟ್ಟಿದರು. ತಂದೆಯ ಊರು ಸಾಂಕ್ವಾಳ. ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನ. 1676ರಲ್ಲಿ ಪಾದ್ರಿಯಾದರು, ಚಪ್ಪಲಿ ಬಿಟ್ಟು ಬಡವರಂತೆ ಬರಿಗಾಲಲ್ಲಿ ನಡೆಯತೊಡಗಿದರು. ಆ ಕಾಲದ ಗೋವಾದಲ್ಲಿ ಸ್ಥಳೀಯರಿಗೆ ಯುರೋಪಿನ ಸನ್ಯಾಸಿ ಸಂಘಗಳಲ್ಲಿ ಜಾಗವಿರಲಿಲ್ಲ. ಪಾದ್ರಿಯಾದರೂ ಅವರು ಎರಡನೇ ದರ್ಜೆಯವರು.

1681ರಲ್ಲಿ ಅವರನ್ನು ಕೆನರಾಕ್ಕೆ ವಿಕಾರ್ ಆಗಿ ಕಳಿಸಲಾಯಿತು. ಅವರ ಮನಸ್ಸು ಇದ್ದದ್ದು ಸಿಂಹಳದ ಮೇಲೆ, ಅಲ್ಲಿ ಡಚ್ಚರ ಕಾಟದಲ್ಲಿ ಪಾದ್ರಿಗಳೇ ಇಲ್ಲದೆ ಇದ್ದ ಕಥೋಲಿಕರ ಮೇಲೆ. ಆದರೂ ಬಂದರು. ಇಲ್ಲಿ ಅವರಿಗೆ ಸಿಕ್ಕಿದ್ದು ತಮ್ಮದೇ ಜನ. 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ ಮೇಲೆ, 1560ರಲ್ಲಿ ಇನ್‌ಕ್ವಿಸಿಷನ್ ಬಂದ ಮೇಲೆ, ಯುದ್ಧ, ಕ್ಷಾಮ, ತೆರಿಗೆಗಳ ಕಾಟಕ್ಕೆ ಅಲೆ ಅಲೆಯಾಗಿ ದಕ್ಷಿಣಕ್ಕೆ ಸರಿದ ಕೊಂಕಣಿ ಕುಟುಂಬಗಳು. ಕೆಳದಿಯ ನಾಯಕರು ಇವರಿಗೆ ಗೇಣಿಗೆ ಭೂಮಿ ಕೊಟ್ಟರು, ಅಕ್ಕಿ ಬೆಳೆಸಿಕೊಂಡರು. ವಾಜ್ ಬಂದಾಗ ಕೆಳದಿಯಲ್ಲಿ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಅಪ್ಪಣೆ ಕೊಟ್ಟವಳು ಅವಳು. ಔರಂಗಜೇಬನ ಸೈನ್ಯವನ್ನು ಎದುರಿಸಿ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿ ನಮಗೆ ಗೊತ್ತು. ಇಗರ್ಜಿಗೆ ಜಾಗ ಕೊಟ್ಟ ಚೆನ್ನಮ್ಮಾಜಿಯನ್ನು ನಮ್ಮ ಜಾತ್ರೆಯ ಭಾಷಣಗಳು ನೆನೆಯುವುದು ಕಡಿಮೆ.

ಹೊನ್ನಾವರದಿಂದ ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರಿನವರೆಗೆ ವಾಜ್ ನಡೆದರು. ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆ ತೆರೆದರು. ಮಂಗಳೂರಿನ ಹತ್ತಿರದ ಮುಡಿಪು ಗುಡ್ಡದಲ್ಲಿ ಅವರ ನೆನಪಿನ ಕ್ಷೇತ್ರಕ್ಕೆ ಇಂದಿಗೂ ಜನ ಹರಕೆ ಹೊತ್ತು ಬರುತ್ತಾರೆ, ಕ್ರೈಸ್ತರಷ್ಟೇ ಅಲ್ಲ.

ಆದರೆ ಈ ಮೂರು ವರ್ಷ ಅವರನ್ನು ಹೆಚ್ಚು ಸುಸ್ತು ಮಾಡಿದ್ದು ದಾರಿಯಲ್ಲ, ಇಗರ್ಜಿಯ ಒಳಜಗಳ. ಪೂರ್ವದೇಶದಲ್ಲಿ ಬಿಷಪರನ್ನು ನೇಮಿಸುವ ಹಕ್ಕು ಪೋರ್ಚುಗಲ್ ರಾಜನದು ಎಂಬ ಹಳೆಯ ಏರ್ಪಾಡು ಒಂದಿತ್ತು, ಪದ್ರುವಾದೊ. ಅದನ್ನು ಮೀರಿ ಮಿಷನ್‌ಗಳನ್ನು ನೇರವಾಗಿ ನಡೆಸಲು ರೋಮ್ 1622ರಲ್ಲಿ ಪ್ರೊಪಗಾಂಡ ಎಂಬ ಇಲಾಖೆ ಮಾಡಿಕೊಂಡಿತು. ಒಂದೇ ಜನ, ಒಂದೇ ದೇವರು, ಇಬ್ಬರು ಯಜಮಾನರು. ಕೆನರಾದಲ್ಲಿ ಪ್ರೊಪಗಾಂಡದ ಪರವಾಗಿ ಬಿಷಪ್ ತೋಮಸ್ ದೆ ಕಾಸ್ಟ್ರೊ ಇದ್ದರು. ಅವರೂ ಗೋವಾದ ದಿವಾಡಿ ದ್ವೀಪದವರೇ. ಪದ್ರುವಾದೊ ಕಡೆಯಿಂದ ಬಂದವರು ವಾಜ್. ಊರವರಲ್ಲಿ ಒಂದು ಪಂಗಡ ಅವರ ಕಡೆ, ಒಂದು ಪಂಗಡ ಇವರ ಕಡೆ. ಮದುವೆ ಯಾರು ಮಾಡಿಸಿದರೆ ಊರ್ಜಿತ ಎನ್ನುವ ತನಕ ಹೋಗಿತ್ತು ಜಗಳ. ವಾಜ್ ಅದನ್ನು ಹೊತ್ತಿಸುವ ಬದಲು ತಣಿಸಲು ನೋಡಿದರು. ಪೂರ್ತಿ ತಣಿಯಲಿಲ್ಲ. 1684ರಲ್ಲಿ ಗೋವಾಕ್ಕೆ ಮರಳಿದರು. ಮುಂದೆ ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ನುಸುಳಿ, ತಮಿಳು, ಸಿಂಹಳ ಕಲಿತು, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ವಾಜ್ ಬದುಕಿನ ಒಂದು ಕಾಗದ ನನ್ನನ್ನು ಬಿಡದೆ ಕಾಡುತ್ತದೆ. 1677ರಲ್ಲಿ ಅವರು ತಮ್ಮನ್ನು ಮರಿಯಮ್ಮನ ಗುಲಾಮನೆಂದು ಬರೆದುಕೊಟ್ಟ ಪತ್ರ. ಭಕ್ತಿಯ ದೃಷ್ಟಿಯಿಂದ ಅದು ದೊಡ್ಡದು. ಆದರೆ ಅದೇ ಗೋವಾದ ಬೀದಿಗಳಲ್ಲಿ, ಅದೇ ಹೊತ್ತಿನಲ್ಲಿ, ಪತ್ರದ ಮೇಲೆ ಮಾರಾಟವಾಗುತ್ತಿದ್ದ ನಿಜವಾದ ಗುಲಾಮರಿದ್ದರು. ಅವರ ವಿಷಯಕ್ಕೆ ಮುಂದೆ ಬರೋಣ, ಅವರು ಜೊಯಿಡಾ, ಹಳಿಯಾಳದ ಕಾಡಿಗೆ ಸೇರಿದವರು.

ಬ್ರಹ್ಮಾವರದಿಂದ ಬಫಲೋಗೆ

ವಾಜ್ ಕಂಡ ಜಗಳ ಇನ್ನೂರು ವರ್ಷ ಹೊಗೆಯಾಡಿ 1886ರಲ್ಲಿ ಉರಿಯಿತು. ಆ ವರ್ಷ ರೋಮ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದ ಭಾರತದ ಇಗರ್ಜಿಗಳನ್ನು ಗೆರೆ ಹಾಕಿ ಹಂಚಿತು. ಉತ್ತರ ಕನ್ನಡ ಗೋವಾದ ಆರ್ಚ್‌ಬಿಷಪರ ಕೈಯಲ್ಲೇ ಉಳಿಯಿತು. ದಕ್ಷಿಣ ಕನ್ನಡದಲ್ಲಿ ಗೋವಾಕ್ಕೆ ನಡೆದುಕೊಳ್ಳುತ್ತಿದ್ದ ಇಗರ್ಜಿಗಳು ಮಂಗಳೂರಿಗೆ ಹೋದವು. ಅಲ್ಲಿ 1878ರ ಕೊನೆಯ ದಿನದಿಂದ ಇಟಲಿಯ ಯೇಸುಸಭೆಯವರು ನೆಲೆಯೂರಿದ್ದರು. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರು. ಈಗ ದೇವರ ಲೆಕ್ಕದಲ್ಲೂ ಎರಡು ಕೆನರಾಗಳು ಬೇರೆಯಾದವು.

ಕಲ್ಯಾಣಪುರ, ಬ್ರಹ್ಮಾವರದ ಕೊಂಕಣಿ ಕಥೋಲಿಕರಲ್ಲಿ ಒಂದು ಭಾಗ ಇದನ್ನು ಒಪ್ಪಲಿಲ್ಲ. ಮೂರು ತಲೆಮಾರಿನಿಂದ ಗೋವಾದಿಂದ ಬಂದ ಪಾದ್ರಿಯೇ ಮದುವೆ ಮಾಡಿಸಿದ್ದಾರೆ, ಮಣ್ಣು ಕೊಟ್ಟಿದ್ದಾರೆ, ಈಗ ಯಾರದೋ ಸಹಿಯಿಂದ ನಾವು ಇನ್ನೊಬ್ಬರವರಾಗುವುದೇ ಎಂಬುದು ಅವರ ತಕರಾರು. ನಂಬಿಕೆಯ ಒಂದಕ್ಷರದ ಮೇಲೂ ಜಗಳವಿರಲಿಲ್ಲ. ಪಾದ್ರಿ ಯಾರ ಕಡೆಯವರು ಎಂಬುದೇ ಜಗಳ.

ಇವರ ಜೊತೆ ನಿಂತವರು ಇಬ್ಬರು ಗೋವಾ ಪಾದ್ರಿಗಳು. ಒಬ್ಬರು ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್, 1836ರಲ್ಲಿ ವೆರ್ಣೆಯಲ್ಲಿ ಹುಟ್ಟಿದವರು. ಪತ್ರಿಕೆ ನಡೆಸಿ ಆಳುವವರನ್ನೂ ಆರ್ಚ್‌ಬಿಷಪರನ್ನೂ ಒಟ್ಟಿಗೆ ಕೆಣಕಿದವರು. ಇನ್ನೊಬ್ಬರು ರೋಕ್ ಝೆಫ್ರಿನ್ ನೊರೊನ್ಹಾ, ಬ್ರಹ್ಮಾವರದಲ್ಲೇ ಉಳಿದು ಅಲ್ಲಿಯೇ 1936ರಲ್ಲಿ ಮಣ್ಣಾದವರು. ರೋಮ್ ಬಾಗಿಲು ಹಾಕಿದಾಗ ಆಲ್ವಾರಿಸ್ ಬೇರೆ ಬಾಗಿಲು ತಟ್ಟಿದರು. ಕೇರಳದ ಮಲಂಕರ ಸಿರಿಯನ್ ಸಭೆ ಅವರನ್ನು 1889ರ ಜುಲೈನಲ್ಲಿ ಕೊಟ್ಟಾಯಂನಲ್ಲಿ ಬಿಷಪರನ್ನಾಗಿ ಮಾಡಿತು. ಮಾರ್ ಜೂಲಿಯಸ್ ಎಂಬ ಹೊಸ ಹೆಸರು. ವಿಚಿತ್ರವೆಂದರೆ ಅಂತಿಯೋಕದ ಸಿರಿಯನ್ ಕುಲಪತಿಯ ಅಧೀನಕ್ಕೆ ಹೋದರೂ ಈ ಕೊಂಕಣಿ ಜನ ತಮ್ಮ ಹಳೆಯ ಲ್ಯಾಟಿನ್ ಪೂಜೆಯನ್ನೇ ಇಟ್ಟುಕೊಂಡರು, ಅದಕ್ಕೆ ಅನುಮತಿಯೂ ಸಿಕ್ಕಿತು. ಯಜಮಾನರನ್ನು ಬದಲಿಸಿದರು, ಪೂಜೆಯನ್ನಲ್ಲ.

ಈಗ ಅಮೆರಿಕಕ್ಕೆ ಬರೋಣ. ಜೋಸೆಫ್ ರೆನೆ ವಿಲಾಟ್ ಪ್ಯಾರಿಸ್‌ನಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ಬೆಲ್ಜಿಯಂ ವಲಸಿಗರಿಗೆ ಪಾದ್ರಿಯಾಗಿದ್ದವರು, ರೋಮ್ ಜೊತೆ ಹೊಂದದವರು. ಅವರಿಗೆ ಬಿಷಪ್ ಪಟ್ಟ ಬೇಕಿತ್ತು, ಕೊಡುವವರಿರಲಿಲ್ಲ. ಭಾರತದಲ್ಲಿ ರೋಮ್‌ನಿಂದ ಬಿಡಿಸಿಕೊಂಡ ಒಬ್ಬ ಬಿಷಪ್ ಇದ್ದಾರೆಂದು ತಿಳಿದು ಪತ್ರವ್ಯವಹಾರ ನಡೆಸಿ ಹಡಗು ಹತ್ತಿ ಬಂದರು. 1892ರ ಮೇ 29ರಂದು ಕೊಲಂಬೊದಲ್ಲಿ, ಮಲಂಕರದ ಬಿಷಪರ ಜೊತೆ ಸೇರಿ, ಆಲ್ವಾರಿಸ್ ವಿಲಾಟ್‌ರ ತಲೆಯ ಮೇಲೆ ಕೈಯಿಟ್ಟು ಪಟ್ಟ ಕೊಟ್ಟರು. ವಿಲಾಟ್ ಅಮೆರಿಕಕ್ಕೆ ಮರಳಿದರು.

ಅಲ್ಲಿ ಆಗ ಪೋಲಿಷ್ ಜನರ ಪಾಡು ಕುದಿಯುತ್ತಿತ್ತು. ಷಿಕಾಗೊದಲ್ಲಿ 1867ರಲ್ಲಿ ಶುರುವಾದ ಸಂತ ಸ್ತಾನಿಸ್ಲಾವ್ ಕೋಸ್ತ್ಕಾ ಧರ್ಮಕೇಂದ್ರ ಶತಮಾನದ ಕೊನೆಗೆ ಸುಮಾರು 40,000 ಜನರದಾಗಿ, ಜಗತ್ತಿನಲ್ಲೇ ದೊಡ್ಡದೆನಿಸಿಕೊಂಡಿತ್ತು. ಗಣಿಯಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಡಾಲರಿಗೆ ಡಾಲರು ಕೂಡಿಸಿ ಜನ ಇಗರ್ಜಿ ಕಟ್ಟುತ್ತಿದ್ದರು. ಕಟ್ಟಿ ಮುಗಿದ ಮೇಲೆ ಆಸ್ತಿಪತ್ರ ಬಿಷಪರ ಹೆಸರಿಗೆ. ಆ ಬಿಷಪರೋ ಬಹುಪಾಲು ಐರಿಷರು ಅಥವಾ ಜರ್ಮನರು. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ ಹೀಗೆ ಹೊರನಡೆದ ಹಿಂಡಿಗೆ 1897ರಲ್ಲಿ ಫ್ರಾನ್ಸಿಸ್ ಹೊದುರ್ ಎಂಬ ಪಾದ್ರಿ ನಾಯಕರಾದರು. ಅದೇ ಪೋಲಿಷ್ ನ್ಯಾಷನಲ್ ಕ್ಯಾಥೊಲಿಕ್ ಚರ್ಚ್, ಇಂದಿಗೂ ಇದೆ. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಸ್ಟೀಫನ್ ಕಮಿನ್ಸ್ಕಿ ಎಂಬ ಇನ್ನೊಬ್ಬ ಪಾದ್ರಿ ಜಪಮಾಲೆ ಮಾತೆಯ ಹೆಸರಿನ ಸ್ವತಂತ್ರ ಧರ್ಮಕೇಂದ್ರಕ್ಕೆ ನಾಯಕರು. 1898ರಲ್ಲಿ ಈ ಕಮಿನ್ಸ್ಕಿಗೆ ಬಿಷಪ್ ಪಟ್ಟ ಕೊಟ್ಟವರು ವಿಲಾಟ್.

ಗಂಟು ಬಿಚ್ಚಿ ನೋಡಿ. ಬಫಲೋದ ಪೋಲಿಷ್ ಕೂಲಿಕಾರರ ಬಿಷಪರ ತಲೆ ಮುಟ್ಟಿದ ಕೈ ವಿಲಾಟ್‌ರದು, ವಿಲಾಟ್‌ರ ತಲೆ ಮುಟ್ಟಿದ್ದು ವೆರ್ಣೆಯ ಕೊಂಕಣಿ ಪಾದ್ರಿಯ ಕೈ. ಆ ಕೈಗೆ ಬಲ ಬಂದದ್ದು ಬ್ರಹ್ಮಾವರ, ಗೋವಾ, ಸಿಂಹಳದಲ್ಲಿ ಗೋವಾ ಪಾದ್ರಿಯೇ ಬೇಕೆಂದು ಹಟ ಹಿಡಿದ ಜನರಿಂದ. ಉಡುಪಿ ಸೀಮೆಯ ಗದ್ದೆಯ ಬದುವಿನ ತಕರಾರು ಅಮೆರಿಕದ ಪೋಲಿಷ್ ಚರಿತ್ರೆಯ ಒಂದು ಪುಟವಾದದ್ದು ಹೀಗೆ. ರೋಮ್ ಈ ಯಾವ ಪಟ್ಟಕ್ಕೂ ಮಾನ್ಯತೆ ಕೊಡಲಿಲ್ಲ. ವಿಲಾಟ್ 1925ರಲ್ಲಿ ರೋಮ್‌ಗೇ ಶರಣಾಗಿ ಫ್ರಾನ್ಸಿನ ಮಠವೊಂದರಲ್ಲಿ ಕೊನೆಯ ದಿನ ಕಳೆದರು. ಅವರನ್ನು ಪಟ್ಟದ ಹಸಿವಿನವರೆಂದು ಕರೆಯುವ ಚರಿತ್ರೆಕಾರರಿದ್ದಾರೆ, ನನಗೂ ಅದು ಸುಳ್ಳೆನಿಸುವುದಿಲ್ಲ. ಆದರೆ ಆಲ್ವಾರಿಸ್‌ರನ್ನು ಆ ಸಾಲಿಗೆ ಸೇರಿಸಲಾರೆ. ಬಿಷಪರ ಉಡುಪು ತೊಟ್ಟದ್ದಕ್ಕೆ ಗೋವಾದ ಪೊಲೀಸರು ಹಿಡಿದು ಅದನ್ನು ಕಳಚಿಸಿದರು. ಕಾಲರಾ ಬಂದಾಗ ಜನರಿಗೆ ಚಿಕಿತ್ಸೆ ಹೇಳಿಕೊಟ್ಟರು, ಬಡವರ ಹಸಿವಿಗೆ ಮರಗೆಣಸು ಬೆಳೆಯಿರಿ ಎಂದು ಬರೆದರು, ಪಣಜಿಯಲ್ಲಿ ನಿರ್ಗತಿಕರಿಗೆ ಅನ್ನ ಹಾಕಲು ತಾವೇ ಭಿಕ್ಷೆ ಎತ್ತಿದರು. 1923ರ ಸೆಪ್ಟೆಂಬರ್ 23ರಂದು ರಿಬಂದರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಬ್ರಹ್ಮಾವರದ ಸಂತ ಮೇರಿ ಸಿರಿಯನ್ ಕೆಥೆಡ್ರಲ್ ಆ ಹಟದ ಉಳಿಕೆ. 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆ ಬ್ರಹ್ಮಾವರವನ್ನೇ ಹೆಸರಾಗಿಟ್ಟು ಒಂದು ಧರ್ಮಪ್ರಾಂತ್ಯ ಮಾಡಿತು.

ಗೆರೆಯ ಈಚೆ

ಜೊಯಿಡಾ, ಆಗಿನ ಸೂಪಾ ತಾಲ್ಲೂಕು, ಗೆರೆಯ ಈ ಬದಿಯಲ್ಲಿತ್ತು. ಗೋವಾದ ಪಾದ್ರಿ ಬರುವುದು ನಿಲ್ಲಲಿಲ್ಲ, ಹಾಗಾಗಿ ಜಗಳಕ್ಕೂ ಕಾರಣವಿರಲಿಲ್ಲ. ಸ್ವಾತಂತ್ರ್ಯದ ಮೇಲೆ ಮಾತ್ರ ಪೇಚಿಗಿಟ್ಟುಕೊಂಡಿತು. ಪಾದ್ರಿಯ ಬಿಷಪ್ ಪೋರ್ಚುಗೀಸ್ ಬಾವುಟದಡಿ, ಪಾದ್ರಿಯ ಜನ ಭಾರತದ ಮತದಾರರು. 1950ರಲ್ಲಿ ಪೋರ್ಚುಗಲ್ ತನ್ನ ಹಳೆಯ ಹಕ್ಕನ್ನು ಬಿಟ್ಟುಕೊಟ್ಟಿತು. 1953ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿ ಉತ್ತರ ಕನ್ನಡ ಅದಕ್ಕೆ ಸೇರಿತು. ಎರಡು ವರ್ಷದಲ್ಲಿ, ಗೋವಾ ವಿಮೋಚನಾ ಚಳವಳಿಯ ಬಿಸಿಯಲ್ಲಿ, ಕ್ಯಾಸಲ್ ರಾಕ್‌ನಿಂದ ಕೆಳಗೆ ರೈಲು ಓಡುವುದೇ ನಿಂತಿತು. ಬೆಳಗಾವಿ ಆಗದೇ ಇದ್ದಿದ್ದರೆ ಆ ವರ್ಷಗಳಲ್ಲಿ ಜೊಯಿಡಾದ ಇಗರ್ಜಿಯ ಕಾಗದಪತ್ರಕ್ಕೂ ಗಡಿ ದಾಟುವ ಪರವಾನಗಿ ಬೇಕಾಗುತ್ತಿತ್ತು. 1976ರ ಜನವರಿ 24ರಂದು ಇಡೀ ಉತ್ತರ ಕನ್ನಡ ಜಿಲ್ಲೆಗೆಂದು ಕಾರವಾರ ಧರ್ಮಪ್ರಾಂತ್ಯವಾಯಿತು. ಮೊದಲ ಬಿಷಪ್ ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, 2007ರವರೆಗೆ, ಇದ್ದರು.

ಅಷ್ಟರಲ್ಲಿ ಜನವೇ ಬದಲಾಗಿದ್ದರು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ದಕ್ಷಿಣದ ಎಲ್ಲ ಭಾಷೆಯವರನ್ನೂ ಕರೆತಂದಿತು. ಕಾಳಿ ನದಿಗೆ ಸೂಪಾ ಅಣೆಕಟ್ಟು ಬಂದು ಸೂಪಾ ಪೇಟೆ ನೀರಿನಡಿಯಾಯಿತು, ಜನ ರಾಮನಗರಕ್ಕೆ ಎದ್ದರು, ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಬಂತು. ಇಲ್ಲಿ ಪಾದ್ರಿಯಾದವರಿಗೆ ಕೊಂಕಣಿ, ಕನ್ನಡ, ಮರಾಠಿ ಮೂರೂ ಬೇಕು, ದಾಂಡೇಲಿಯಲ್ಲಿ ಇನ್ನಷ್ಟು. ಕೊಂಕಣಿ ಎಂದರೂ ಸಲೀಸಲ್ಲ. ಗೋವಾದವರು ರೋಮನ್ ಲಿಪಿಯಲ್ಲಿ ಓದುತ್ತಾರೆ, 1933ರಿಂದ ಬರುತ್ತಿರುವ 'ವಾವ್ರಾಡ್ಯಾಂಚೊ ಇಷ್ಟ್' ವಾರಪತ್ರಿಕೆಯಂತೆ. ಮಂಗಳೂರಿನವರದು ಕನ್ನಡ ಲಿಪಿ, 1938ರ 'ರಾಕ್ಣೊ'ದಂತೆ. ಗಡಿಯ ಮನೆಯಲ್ಲಿ ಅಜ್ಜಿಯ ಪ್ರಾರ್ಥನೆ ಪುಸ್ತಕವನ್ನು ಕನ್ನಡ ಶಾಲೆಯ ಮೊಮ್ಮಗಳು ಓದಲಾರಳು. ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಬಾಯಿಪಾಠವಾಗಿರುವುದರಿಂದ ಅದು ಹೇಗೋ ನಡೆದುಹೋಗುತ್ತದೆ.

ಪಾದ್ರಿ ಇಲ್ಲದೆ ಬಂದವರು

ಇಷ್ಟು ಹೊತ್ತು ಹೇಳಿದ್ದೆಲ್ಲ ತಾವಾಗಿ ಹೊರಟವರ ಕಥೆ, ಕಷ್ಟಕ್ಕೇ ಹೊರಟಿರಬಹುದು. ಹಳಿಯಾಳ, ಯಲ್ಲಾಪುರ, ಜೊಯಿಡಾ, ಮುಂಡಗೋಡಗಳ ಸಿದ್ದಿಗಳ ಪೂರ್ವಿಕರನ್ನು ತಂದದ್ದು ಹಡಗಿನಲ್ಲಿ, ಸರಕಾಗಿ. ಮೊಜಾಂಬಿಕ್ ಮತ್ತಿತರ ಪೂರ್ವ ಆಫ್ರಿಕಾದ ತೀರದಿಂದ ಪೋರ್ಚುಗೀಸರು ಗೋವಾಕ್ಕೆ ತಂದು ಮಾರಿದ ಜನರಲ್ಲಿ ಎಷ್ಟೋ ಮಂದಿ ಘಟ್ಟ ಹತ್ತಿ ತಪ್ಪಿಸಿಕೊಂಡು ಸೋಂದೆ ಅರಸರ ಕಾಡಿಗೆ ಸೇರಿದರು. ಪೋರ್ಚುಗಲ್ ತನ್ನ ಸೀಮೆಯಲ್ಲಿ ಗುಲಾಮಗಿರಿಯನ್ನು ಕಾನೂನಿನ ಮೂಲಕ ಪೂರ್ತಿ ಕೈಬಿಟ್ಟದ್ದು 1869ರಲ್ಲಿ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಹಳಿಯಾಳದ ಕಡೆ ಕಥೋಲಿಕರು ಹೆಚ್ಚು. ಮೂರೂ ಪಂಗಡದವರು ಹಿರಿಯರಿಗೆ ಎಡೆ ಇಡುವುದನ್ನು ಬಿಟ್ಟಿಲ್ಲ, ಡಮಾಮ್ ಬಾರಿಸಿ ಕುಣಿಯುವುದನ್ನೂ ಬಿಟ್ಟಿಲ್ಲ.

ಮೊಚಿಗೆಂಬಾರನ್ನು, ವಾಜ್‌ರನ್ನು, ಆಲ್ವಾರಿಸ್‌ರನ್ನು ಓದುತ್ತ ಹೋದಂತೆ ಈ ಜನರ ಕೊರತೆ ಎದ್ದು ಕಾಣುತ್ತದೆ. ಬಾಂಟು ಭಾಷೆಯಲ್ಲಿ ಕುಮ್ಸಾರ್ ಕೇಳುವ ಪಾದ್ರಿ ಇವರ ಹಿಂದೆ ಹಡಗು ಹತ್ತಿ ಬರಲಿಲ್ಲ. ಇವರಿಗೆ ಸಿಕ್ಕ ಜ್ಞಾನಸ್ನಾನ ಯಜಮಾನನ ಇಗರ್ಜಿಯದು, ಇಟ್ಟ ಹೆಸರು ಯಜಮಾನನ ಭಾಷೆಯದು. ಕಾಡಿನಲ್ಲಿ ಬಿಡುಗಡೆಯಾದ ಮೇಲೂ ಇವರನ್ನು ಹುಡುಕಿ ಬಂದ ಪಾದ್ರಿ ಕೊಂಕಣಿಯವರೇ. ಅವರು ಒಳ್ಳೆಯವರಿದ್ದರು, ಬೇಜವಾಬ್ದಾರಿಯವರೂ ಇದ್ದಿರಬಹುದು. ಆದರೆ ಈ ಜನ ಮಾತ್ರ ಅವರನ್ನು ಬೇಕು, ಬೇಡ ಎನ್ನುವ ಜಾಗದಲ್ಲಿರಲಿಲ್ಲ. ಪದ್ರುವಾದೊ, ಪ್ರೊಪಗಾಂಡ ಎಂದು ಬ್ರಹ್ಮಾವರದವರು ಬೀದಿಗಿಳಿದಾಗ ಹಳಿಯಾಳದ ಸಿದ್ದಿ ಯಾರ ಕಡೆ ಎಂದು ಯಾರೂ ಕೇಳಲಿಲ್ಲ. ಪಾದ್ರಿಯ ಬಗ್ಗೆ ಜಗಳವಾಡುವುದಕ್ಕೂ ಒಂದು ಅಂತಸ್ತು ಬೇಕಾಗುತ್ತದೆ, ಸ್ಕ್ರ್ಯಾಂಟನ್‌ನ ಗಣಿಗಾರನಿಗೆ ಅಷ್ಟಾದರೂ ಇತ್ತು: ಇಗರ್ಜಿಗೆ ಹಾಕಿದ ಡಾಲರಿನ ರಸೀದಿ.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಪಾದ್ರಿಯ ಕೆಲಸವೇ ಬೇರೆಯಾಯಿತು. ಮುಂಡಗೋಡದಲ್ಲಿ ಯೇಸುಸಭೆಯವರ ಲೊಯೊಲಾ ವಿಕಾಸ ಕೇಂದ್ರ ಸಿದ್ದಿ, ಗೌಳಿ, ಲಂಬಾಣಿ ಹಾಡಿಗಳಲ್ಲಿ ಸಂಘ ಕಟ್ಟಿತು, ಅತಿಕ್ರಮಣ ಜಮೀನಿನ ಪಟ್ಟಾ, ಮಕ್ಕಳ ಹಾಸ್ಟೆಲು, ಸಾಲಗಾರನ ಕಾಟ ಇಂಥ ವಿಷಯಗಳಿಗೆ ಕೈಹಾಕಿತು. ಸಿದ್ದಿಗಳೇ ತಮ್ಮ ಸಂಘಟನೆ ಕಟ್ಟಿಕೊಂಡರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮತ ಯಾವುದಾದರೂ ಈ ಸವಲತ್ತಿಗೆ ಅಡ್ಡಿಯಿಲ್ಲ, ದಲಿತ ಕ್ರೈಸ್ತರಿಗೆ ಇಂದಿಗೂ ಇಲ್ಲದ ಅನುಕೂಲ ಇದು. ಘಾನಾ ಮೂಲದ ವಿದ್ವಾಂಸ ಪಾಶಿಂಗ್ಟನ್ ಒಬೆಂಗ್ ಈ ಜನರ ನಡುವೆ ಅಧ್ಯಯನ ಮಾಡಿ 2007ರಲ್ಲಿ ಪುಸ್ತಕ ತಂದರು. ವಿಸ್ಕಾನ್ಸಿನ್‌ನ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಸಿದ್ದಿ ಹೆಂಗಸರ ಕೌದಿಗಳನ್ನು ಅಮೆರಿಕದ ಪ್ರದರ್ಶನಗಳಿಗೆ ಒಯ್ದರು. ಹಳೆ ಸೀರೆಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದು, ನಾಲ್ಕು ಮೂಲೆಗೂ ಹೂವೆಂದು ಕರೆಯುವ ತ್ರಿಕೋನದ ತುಂಡು ಇಟ್ಟು ಮುಗಿಸುವ ಈ ಕೌದಿಗಳಲ್ಲಿ ಕಥೋಲಿಕ ಹೆಂಗಸರು ಕೆಲವೊಮ್ಮೆ ಶಿಲುಬೆಯನ್ನೂ ಕೂಡಿಸುತ್ತಾರೆ.

ಅದೇ ಮುಂಡಗೋಡದಲ್ಲಿ 1966ರಿಂದ ಟಿಬೆಟ್ ನಿರಾಶ್ರಿತರ ವಸತಿಯಿದೆ, 1969ರಲ್ಲಿ ದ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿ ಮತ್ತೆ ಎದ್ದು ನಿಂತವು. ಗುರುಗಳೂ ಗ್ರಂಥಗಳೂ ಜನರ ಜೊತೆಗೇ ಬಂದವು. ಅಲ್ಲಿಂದ ಅರ್ಧ ದಿನದ ದಾರಿಯೊಳಗೆ ಸಿದ್ದಿ ಹಾಡಿಗಳು. ಒಂದೇ ಕಾಡು ಎಂಥೆಂಥ ವಲಸೆಗಳಿಗೆ ಜಾಗ ಕೊಟ್ಟಿದೆ ಎಂದು ತಿಳಿಯಲು ಒಂದು ದಿನದ ಬಸ್ ಪ್ರಯಾಣ ಸಾಕು.

ಈಗಿನ ಲೆಕ್ಕ ಹೀಗಿದೆ. 2019ರಲ್ಲಿ ಬಿಷಪ್ ಡೆರಿಕ್ ಫರ್ನಾಂಡಿಸ್ ಬೆಳಗಾವಿಗೆ ವರ್ಗವಾದ ಮೇಲೆ ಕಾರವಾರದ ಪೀಠ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಬಿದ್ದಿತ್ತು. 2024ರ ಜನವರಿಯಲ್ಲಿ ಡುಮಿಂಗ್ ಡಾಯಸ್ ಹೆಸರು ಘೋಷಣೆಯಾಯಿತು. ಘಟ್ಟದ ಕೆಳಗಿನ ಹೊನ್ನಾವರ, ಕುಮಟಾದ ಹಳೆಯ ಇಗರ್ಜಿಗಳಲ್ಲಿ ಕೊಂಕಣಿ ಪೂಜೆಗೆ ಜನರೂ ಗಾಯನ ಮಂಡಳಿಯೂ ಸಾಕಷ್ಟು. ಘಟ್ಟದ ಮೇಲೆ ಹಾಗಲ್ಲ. ಸಿದ್ದಿ ಹುಡುಗರು ಕಲಿಯುವುದು ಕನ್ನಡ ಶಾಲೆಯಲ್ಲಿ, ಮನೆಯಲ್ಲಿ ಆಡುವುದು ಮರಾಠಿ, ಕನ್ನಡ ಬೆರೆತ ತಮ್ಮದೇ ಕೊಂಕಣಿ, ಕೆಲಸಕ್ಕೆ ಹೋಗುವುದು ಅನಮೋಡ ಇಳಿದು ಗೋವಾದ ಹೋಟೆಲುಗಳಿಗೆ. ಇವರಿಗೆ ಯಾವ ಭಾಷೆಯ ಪೂಜೆ ಎಂದು ಕಾರವಾರದಲ್ಲಿ ಕೂತು ತೀರ್ಮಾನಿಸುವುದಕ್ಕಿಂತ ಹಾಡಿಯಲ್ಲೇ ಕೇಳಿ ನೋಡುವುದು ಒಳ್ಳೆಯದು. ಬ್ರಹ್ಮಾವರದವರನ್ನು 1886ರಲ್ಲಿ ಯಾರೂ ಕೇಳಿರಲಿಲ್ಲ.